ಎಂಬತ್ತೆರಡು ಕಿಲೋದ ಹೆವಿವೇಟ್

ನಮ್ಮವರು ಮಿಲಿಟರಿಯಲ್ಲಿದ್ದಾಗ ಬಾಕ್ಸಿಂಗಿನಲ್ಲಿ ಒಬ್ಬ ದೈತ್ಯನನ್ನು ಕೆಡವಿದ ಕಥೆಯನ್ನು ಮದುವೆಯಾದಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಗುಂಡ್ಯದಲ್ಲಿ ನಮ್ಮದೊಂದು ಹೋಟೆಲು. ಘಾಟಿ ಹತ್ತುವ ಮುಂಚೆ ಚಾಕ್ಕೆಂದು ನಿಲ್ಲಿಸುವ ಲಾರಿಯವರು ಯಾರೂ ಆ ಕಥೆ ಕೇಳದೆ ಮೇಲೆ ಹೋದದ್ದಿಲ್ಲ. ಇವರ ತೂಕ ಆಗ ಎಂಬತ್ತೆರಡು ಕಿಲೋ, ಅವನದ್ದು ನೂರಾ ಹತ್ತು. ಎಂಬತ್ತೊಂದು ದಾಟಿದವರೆಲ್ಲ ಹೆವಿವೇಟೇ ಅಂತೆ, ಮೇಲೆ ಎಷ್ಟಿದ್ದರೂ ಕೇಳುವವರಿಲ್ಲ. ಎರಡನೇ ಸುತ್ತಿನಲ್ಲಿ ಅವನು ಅಂಗಾತ ಬಿದ್ದ. ಕೇಳಿ ಕೇಳಿ ನನಗೆ ಸಾಕಾಗಿದ್ದರೂ ಒಂದು ಮಾತು ಹೇಳುತ್ತೇನೆ: ನಮ್ಮವರಿಗೆ, ಜತ್ತಪ್ಪ ಗೌಡರೆಂದರೆ, ನಾಲ್ಕು ಜನ ಮರ್ಯಾದೆ ಕೊಡುತ್ತಿದ್ದದ್ದು ಆ ಒಂದು ಕಥೆಯಿಂದಲೇ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಐವರ್ನಾಡಿನಿಂದ ನಾದಿನಿಯ ಮಗ ಅಚ್ಚುತ ಬಂದ. ಪೊಲೀಸಿನವನು, ಬಾಕ್ಸಿಂಗ್ ಟೀಮಿನಲ್ಲಿದ್ದ. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರ. ತೂಕ ನೂರರ ಮೇಲೆ. ಮುಖ ಮಾತ್ರ ಸೋತು ಹೋಗಿತ್ತು. ಟೀಮಿನಲ್ಲಿ ಅವನ ಜಾಗಕ್ಕೆ ಪೈಪೋಟಿಗೆ ಇನ್ನೊಬ್ಬ ಬಂದಿದ್ದಾನಂತೆ. ಎಂಬತ್ಮೂರು ಕಿಲೋದ ಸಣ್ಣ ಆಳು, ಪ್ರತಿ ಸಲ ಇವನನ್ನೇ ಸೋಲಿಸುತ್ತಾನಂತೆ. ಮುಂದಿನ ತಿಂಗಳ ಆಯ್ಕೆಯಲ್ಲೂ ಸೋತರೆ ಇವನನ್ನು ಟೀಮಿನಿಂದ ತೆಗೆಯುತ್ತಾರೆ. ಸಣ್ಣವರು ದೊಡ್ಡವರನ್ನು ಹೇಗೆ ಸೋಲಿಸುವುದು ಎಂದು ಮಾವನ ಹತ್ತಿರ ಕೇಳಲು ಬಂದಿದ್ದ. ಇವರಿಗೆ ಅದಕ್ಕಿಂತ ಹೆಚ್ಚು ಏನು ಬೇಕು? ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ, ಗ್ಲೌಸು ತಂದಿದ್ದೀಯಲ್ಲ, ಹಾಕಿ ತೋರಿಸುತ್ತೇನೆ ಎಂದು ಎದ್ದೇ ಬಿಟ್ಟರು.

ನಾನು ಬೈದೆ. ಐವತ್ತರ ಹತ್ತಿರ ಬಂದ ಗಂಡಸು, ನೀರಿನ ಕೊಡ ಎತ್ತಿದರೆ ಏದುಸಿರು ಬಿಡುವವರು, ಹಲ್ಲು ಉದುರಿದರೆ ಗಂಜಿ ಬೇಯಿಸಿ ಹಾಕುವವಳು ನಾನಲ್ಲವೇ ಎಂದೆ. ಆದರೆ ಸುಳ್ಳು ಯಾಕೆ ಹೇಳಲಿ, ನನಗೂ ಕುತೂಹಲವಿತ್ತು. ಇಷ್ಟು ವರ್ಷ ಕಿವಿಯಲ್ಲಿ ಕೇಳಿದ್ದೇ ಹೊರತು ಕಣ್ಣಲ್ಲಿ ನೋಡಿದ್ದಿಲ್ಲ. ಸಾಂಬಾರಿನ ಪಾತ್ರೆ ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಹೋದೆ.

ಪಕ್ಕದ ಪಂಕ್ಚರ್ ಅಂಗಡಿಯ ಶುಕೂರ್ ನಾಲ್ಕು ಡಾಮರು ಡ್ರಮ್ಮು ಉರುಳಿಸಿ ತಂದು, ಲಾರಿಯ ಹಗ್ಗ ಸುತ್ತು ಕಟ್ಟಿ, ಕೈಗಡಿಯಾರ ಹಿಡಿದು ರೆಫರಿಯಾಗಿ ನಿಂತಿದ್ದ. ಚಾ ಕುಡಿಯುತ್ತಿದ್ದ ಲಾರಿಯವರು ಗ್ಲಾಸು ಹಿಡಿದುಕೊಂಡೇ ಬಂದರು.

ಅಚ್ಚುತ ಹೊಡೆದಲ್ಲಿ ಇವರಿಲ್ಲ. ಅವನ ಕೈ ಗಾಳಿಗೆ ಬೀಸುವಷ್ಟರಲ್ಲಿ ಇವರು ಒಳಗೆ ನುಗ್ಗಿ ಪಕ್ಕೆಗೆ ಎರಡು ಕೊಟ್ಟು ಹೊರಗೆ ಬಂದಾಗಿರುತ್ತಿತ್ತು. ಕೊಡ ಎತ್ತಲು ಕಷ್ಟಪಡುವ ಅದೇ ಮನುಷ್ಯನೇ ಇದು ಎಂದು ನಾನು ಬಾಯಿ ಬಿಟ್ಟು ನೋಡಿದೆ. ಎರಡು ಸುತ್ತು ಮುಗಿಯುವಾಗ ಹುಡುಗ ಬೆವರಿ ನೀರಾಗಿದ್ದ. ಕಥೆ ನಿಜ ಮಾರಾಯ್ರೆ ಎಂದು ಶುಕೂರ್ ಎಲ್ಲರಿಗೂ ಹೇಳಿದ. ನನಗೆ ಹೆಮ್ಮೆಯಾಯಿತು.

ಅಚ್ಚುತ ಡ್ರಮ್ಮಿನ ಮೇಲೆ ಕುಳಿತು ಗ್ಲೌಸು ಬಿಚ್ಚತೊಡಗಿದ. “ಆಗುದಿಲ್ಲ ಮಾವ. ನಮ್ಮಂಥವರಿಗೆ ಸಣ್ಣವರನ್ನು ಹಿಡಿಲಿಕ್ಕೇ ಆಗುದಿಲ್ಲ” ಎಂದ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಇವರು ಹುಡುಗನ ಕಾಲನ್ನೇ ನೋಡುತ್ತಾ ನಿಂತಿದ್ದರು, ಒಲೆ ಯಾಕೆ ಹತ್ತುವುದಿಲ್ಲ ಎಂದು ಬಗ್ಗಿ ನೋಡುವವರ ಹಾಗೆ.

“ಅಚ್ಚುತ, ಲಾರಿ ಕೆಟ್ಟು ನಿಂತ್ರೆ ನೀನು ಅದಕ್ಕೆ ಗುದ್ದುದಾ, ದೂಡುದಾ?”

“ದೂಡುದು.”

“ಮತ್ತೆ ನನಗೆ ಯಾಕೆ ಗುದ್ದುದು?”

ಆಮೇಲೆ ಒಂದೊಂದೇ ಹೇಳಿಕೊಟ್ಟರು. ಸಣ್ಣವನ ಹಿಂದೆ ಓಡಬೇಡ, ಅವನ ದಾರಿಗೆ ಅಡ್ಡ ನಿಲ್ಲು. ಎಡಗೈ ಚಾಚಿಯೇ ಇರಲಿ. ಹಗ್ಗಕ್ಕೆ ತಾಗಿದ ಮೇಲೆ ನಿನ್ನ ಎದೆಯ ಭಾರ ಅವನ ಮೇಲೆ ಹಾಕು, ರೆಫರಿ ಬಿಡಿಸುವವರೆಗೆ ಅವನೇ ಹೊರಲಿ. ಸಣ್ಣವನ ಬಲ ಕಾಲಿನಲ್ಲಿ, ಮೊದಲು ಅದನ್ನು ತೆಗಿ.

“ಗೆದ್ದಾಯ್ತಲ್ಲ, ಅದನ್ನೆಲ್ಲ ಯಾಕೆ ಹೇಳಿಕೊಡುದು?” ಎಂದೆ ನಾನು.

“ಹೇಳಿಕೊಟ್ರೆ ಎಂತ ಆಗ್ತದೆ ಅಂತ ನನಗೂ ನೋಡ್ಬೇಕು.”

ಈ ಸಲ ಅಚ್ಚುತ ಹಿಂದೆ ಓಡಲಿಲ್ಲ. ಇವರು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಅಡ್ಡ ಬಂದ. ಇವರ ಬೆನ್ನು ಹಗ್ಗಕ್ಕೆ ತಾಗಿತು. ಅವನು ಮೈಭಾರ ಹಾಕಿ ಒರಗಿದ. ಶುಕೂರ್ ಬಿಡಿಸಿದ, ಅವನು ಪುನಃ ಒರಗಿದ. ಇವರ ಮೊಣಕಾಲು ನಡುಗುವುದು ನನಗೆ ಕಾಣುತ್ತಿತ್ತು. ಮೂರನೇ ಸಲ ಬಿಡಿಸಿದ ಮೇಲೆ ಅವನದ್ದೊಂದು ಸಣ್ಣ ಪೆಟ್ಟು ಬಿತ್ತು, ಅಷ್ಟೇ. ಇವರು ಮಣ್ಣಿನಲ್ಲಿ ಕುಳಿತುಬಿಟ್ಟರು.

ಯಾರೂ ನಗಲಿಲ್ಲ. ನೀರಿನ ಚೊಂಬು ಹಿಡಿದು ಓಡಿದೆ. ಲಾರಿಯವರಿಗೆ ಕೇಳಲಿ ಎಂದೇ ದೊಡ್ಡದಾಗಿ ಹೇಳಿದೆ: “ಪ್ರಾಯ ಆಯ್ತಲ್ಲ, ಅದಕ್ಕೆ. ಆಗಿನ ಪ್ರಾಯದಲ್ಲಿ ನೋಡ್ಬೇಕಿತ್ತು.” ಹೌದು ಎಂದು ಒಂದು ಮಾತು ಇವರು ಹೇಳಿದ್ದರೆ ಸಾಕಿತ್ತು.

ಇವರು ಬಾಯಿ ಮುಕ್ಕಳಿಸಿ ಉಗುಳಿದರು. “ಪ್ರಾಯ ಅಲ್ಲ. ಆವತ್ತು ಆ ದೈತ್ಯ ಹೀಗೆ ಮಾಡಿದ್ರೆ ನಾನು ಆವತ್ತೇ ಬೀಳ್ತಿದ್ದೆ. ಪಾಪ, ಅವನಿಗೆ ಹೇಳಿಕೊಡುವವರು ಯಾರೂ ಇರ್ಲಿಲ್ಲ.”

ಎಲ್ಲರೂ ಕೇಳಿಸಿಕೊಂಡರು. ಅಚ್ಚುತ ಎಬ್ಬಿಸಲು ಕೈ ಚಾಚಿದ. ಇವರು ಅದನ್ನು ಹಿಡಿಯಲಿಲ್ಲ, ಹಗ್ಗ ಹಿಡಿದು ತಾವೇ ಎದ್ದರು.

“ಒರಗುವಾಗ ನಿನ್ನ ಎಡಗಾಲು ಹಿಂದೆ ಉಳಿತದೆ. ಬಾ, ಇನ್ನೊಮ್ಮೆ ಮಾಡು” ಎಂದರು.