ಅಪ್ಪ ಪಕ್ಕದ ಸೀಟಿಗೆ ಬಂದ ವರ್ಷ

ಮಕ್ಕಳನ್ನು ಎಬ್ಬಿಸಿ, ಹಲ್ಲುಜ್ಜಿಸಿ, ಕಾರಿಗೆ ತುಂಬುವಷ್ಟರಲ್ಲೇ ನನ್ನ ದಿನದ ಅರ್ಧ ಶಕ್ತಿ ಖಾಲಿಯಾಗಿರುತ್ತದೆ. ಆದರೂ ಬೇಕರಿ ಹತ್ತಿರ ಬಂದಾಗ ಕಿಟಕಿಯ ಗಾಜು ಇಳಿಸುತ್ತೇನೆ. “ಅಮ್ಮಾ, ಚಳಿ!” ಎಂದು ಹಿಂದಿನಿಂದ ಕೂಗು. ಇರಲಿ. ಬಿಸಿ ಬ್ರೆಡ್ಡಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಮತ್ತೆ ಅಪ್ಪ ಅಮ್ಮನ ನಡುವೆ, ಗೇರಿಗೆ ಮೊಣಕಾಲು ತಾಗಿಸಿಕೊಂಡು ಕೂತ ಪುಟ್ಟಿ.

ಅಪ್ಪ ಬೇಕರಿಯ ವ್ಯಾನ್ ಓಡಿಸುತ್ತಿದ್ದರು. ನಸುಕಿನಲ್ಲಿ ಟ್ರೇಗಳನ್ನು ತುಂಬಿಕೊಂಡು ಹೊರಟರೆ ಊರಿನ ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ ಬ್ರೆಡ್ ತಲುಪಬೇಕು. ಒಂದು ಸಂಜೆ, ಒಲೆ ನೋಡಿಕೊಳ್ಳುತ್ತಿದ್ದ ಹಿರಿಯರು ಕೆಲಸ ಬಿಟ್ಟರೆಂದು ಎಲ್ಲರೂ ಸೇರಿ ಕುಡಿದರು. ಅಪ್ಪ ಮನೆಗೆ ನಡೆದೇ ಬಂದು ಮಲಗಿದರು, ನಸುಕಿಗೆ ಎದ್ದು ತಣ್ಣೀರು ಸುರಿದುಕೊಂಡರು, ಕಾಫಿ ಕುಡಿದು ವ್ಯಾನ್ ಹತ್ತಿದರು. ಸೇತುವೆ ದಾಟಿದ ಕೂಡಲೇ ಪೊಲೀಸರು ಕೈ ಅಡ್ಡ ಹಿಡಿದರು.

“ನಿನ್ನೆ ಕುಡಿದದ್ದು ಸ್ವಾಮಿ. ನಿನ್ನೇದು ನಿನ್ನೆಗೇ ಮುಗೀತು” ಅಂದರಂತೆ ಅಪ್ಪ.

“ಈ ಯಂತ್ರಕ್ಕೆ ನಿನ್ನೆ ಇವತ್ತು ಗೊತ್ತಾಗಲ್ಲ. ಒಳಗೆ ಇದ್ಯೋ ಇಲ್ವೋ, ಅಷ್ಟೇ ಗೊತ್ತು. ಊದಿ.”

ಇತ್ತು. ಮಿತಿಗಿಂತ ಮೇಲೇ ಇತ್ತು. ಕೋರ್ಟಿನಲ್ಲಿ ದಂಡ ಹಾಕಿದ್ದಲ್ಲದೆ ಒಂದು ವರ್ಷ ಲೈಸೆನ್ಸನ್ನೂ ಕಿತ್ತುಕೊಂಡರು. ಆ ವರ್ಷ ಅವರು ಸ್ಟೀರಿಂಗ್ ಮುಟ್ಟುವಂತಿಲ್ಲ, ಮುಟ್ಟಿದರೆ ಜೈಲು.

ಬೇಕರಿ ಯಜಮಾನರು ಒಳ್ಳೆಯವರೇ. ಆದರೆ “ಬ್ರೆಡ್ ಕಾಯಲ್ಲ ಕಣಯ್ಯ, ಬೇರೆ ಡ್ರೈವರ್ ನೋಡ್ಕೋತೀನಿ” ಅಂದರು. ಅಪ್ಪನ ಹಿಂದೆ ನಿಂತಿದ್ದ ಅಮ್ಮ ಮುಂದೆ ಬಂದಳು.

“ನೋಡೋದೇನು, ನಾನಿಲ್ವಾ?”

ಮದುವೆಗೆ ಮುಂಚೆ ತೆಗೆದ ಅವಳ ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ವಾರವಿಡೀ ಬೇಕರಿ ಹಿಂದಿನ ಬಯಲಿನಲ್ಲಿ ಯಜಮಾನರನ್ನೇ ಪಕ್ಕ ಕೂರಿಸಿಕೊಂಡು ಕೈ ಪಳಗಿಸಿಕೊಂಡಳು. ಆಮೇಲೆ ಅವಳು ಡ್ರೈವರ್, ಅಪ್ಪ ಟ್ರೇ ಇಳಿಸುವ ಆಳು. ಆ ಹೊತ್ತಿಗೆ ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲವೆಂದು ನಾನು ನಡುವೆ, ಸ್ಕೂಲ್ ಯೂನಿಫಾರ್ಮಿನಲ್ಲೇ.

ಹಾಗೆ ಬೆನ್ನಿಗೆ ಬ್ರೆಡ್ಡಿನ ಶಾಖ ತಾಗಿಸಿಕೊಂಡು ಕೂತು ಬಂದ ಸುಖ ನನಗೆ ಮತ್ತೆ ಯಾವ ವಾಹನದಲ್ಲೂ ಸಿಕ್ಕಿಲ್ಲ. ಗಾಜಿನ ಮೇಲೆ ಕೂತ ಮಂಜನ್ನು ಒರೆಸುವುದು ನನ್ನ ಕೆಲಸ. ಅವರಿಬ್ಬರ ಜಗಳ ನನ್ನ ತಲೆಯ ಮೇಲಿಂದ ಹಾದುಹೋಗುತ್ತಿತ್ತು.

“ಕ್ಲಚ್ ಬಿಡೇ, ಪಾಪ, ಅದಕ್ಕೂ ಜೀವ ಇದೆ.”

“ರೀ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

“ನಾನು ಮೀಸೆ ಬಂದಾಗಿಂದ ಗಾಡಿ ಓಡಿಸಿದೋನು!”

“ಹೌದು, ಅದಕ್ಕೇ ಈಗ ಆ ಕಡೆ ಕೂತಿರೋದು.”

ಅಪ್ಪನಿಗೆ ಒಂದು ಚಾಳಿ ಅಂಟಿತ್ತು. ಎದುರಿಗೆ ಏನೇ ಬರಲಿ, ಆ ಕಡೆ ಇಲ್ಲದ ಬ್ರೇಕನ್ನು ಅವರ ಬಲಗಾಲು ಒತ್ತುತ್ತಿತ್ತು. ಕಾಲಡಿಯ ರಬ್ಬರ್ ಮ್ಯಾಟು ಸವೆಯುತ್ತಾ ಬಂದು ಕೊನೆಗೆ ತೂತೇ ಬಿತ್ತು. ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಸೇತುವೆಯ ಮೇಲಂತೂ ಒತ್ತು ಜೋರು. ಅಲ್ಲಿ ದಿನಾ ಪೇಪರ್ ಹಾಕುವವರೊಬ್ಬರು ಸೈಕಲ್ಲಿನಲ್ಲಿ ಎದುರಾಗಿ, ನಮ್ಮ ವ್ಯಾನ್ ಕಂಡೊಡನೆ ಬೆಲ್ ಬಾರಿಸುತ್ತಿದ್ದರು. ನಾನು ಕೈ ಬೀಸುತ್ತಿದ್ದೆ. ಅಪ್ಪ ತಲೆ ತಗ್ಗಿಸಿ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದರು.

ಅಮ್ಮ ನಗದೇ ಇದ್ದದ್ದು ಒಂದೇ ಮಾತಿಗೆ. ಲೈಸೆನ್ಸ್ ಯಾಕೆ ಹೋಯಿತೆಂದು ಅಂಗಡಿಯವರು ಕೇಳಿದಾಗಲೆಲ್ಲ ಅಪ್ಪ, “ಅಯ್ಯೋ, ಆ ಯಂತ್ರ ಕೆಟ್ಟಿತ್ತು ಬಿಡಿ” ಅನ್ನುತ್ತಿದ್ದರು. ಆಗ ಅಮ್ಮ ಗೇರ್ ಹಾಕಿದರೆ ಇಡೀ ವ್ಯಾನ್ ಹಲ್ಲು ಕಡಿಯುತ್ತಿತ್ತು.

ವರ್ಷ ತುಂಬಿತು. ಅಪ್ಪ ಲೈಸೆನ್ಸ್ ಬಿಡಿಸಿಕೊಂಡು ಬಂದು, ಮರುದಿನ ಅದನ್ನು ಅಂಗಿ ಜೇಬಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಡ್ರೈವರ್ ಬಾಗಿಲ ಹತ್ತಿರ ನಿಂತರು.

“ಕೀ ಕೊಡು.”

“ಆ ಕಡೆಯಿಂದ ಹತ್ತಿ.”

“ವರ್ಷ ಮುಗೀತಲ್ಲೇ!”

“ಸರ್ಕಾರದ ವರ್ಷ ಮುಗೀತು. ನನ್ನದು ಮುಗಿದಿಲ್ಲ.” ಅಮ್ಮ ಸ್ಟೀರಿಂಗ್ ಬಿಡಲಿಲ್ಲ. “ಯಂತ್ರ ಕೆಟ್ಟಿತ್ತಾ? ಅದನ್ನ ಹೇಳಿ. ಕೆಟ್ಟಿತ್ತು ಅನ್ನೋರ ಕೈಗೆ ನಾನು ಈ ಕೀ ಕೊಡಲ್ಲ.”

ಅಪ್ಪ ಸುತ್ತಿ ಬಂದು ಆ ಕಡೆಯಿಂದಲೇ ಹತ್ತಿದರು. ಆ ದಿನ ಯಾರೂ ಜಗಳವಾಡಲಿಲ್ಲ. ನಾನು ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದೆ.

ಸೇತುವೆ ಬಂತು. ಬೆಲ್ ಕೇಳಿಸಿತು. ಅಪ್ಪನ ಕಾಲು ಮ್ಯಾಟಿಗೆ ಬಿತ್ತು. ಸೈಕಲ್ ನಮ್ಮನ್ನು ದಾಟಿತು.

“ನಿಲ್ಲಿಸು” ಎಂದರು ಅಪ್ಪ.

ಅಮ್ಮ ಪಕ್ಕಕ್ಕೆ ಹಾಕಿದಳು.

“ಯಂತ್ರ ಸರಿಯಾಗೇ ಇತ್ತು” ಎಂದರು ಅಪ್ಪ, ಗಾಜಿನ ಕಡೆಗೇ ನೋಡುತ್ತಾ. “ಪೊಲೀಸರು ಹಿಡಿದದ್ದು ಆಮೇಲೆ. ಅದಕ್ಕೂ ಮುಂಚೆ ಇಲ್ಲೇ, ಈ ಕಂಬದ ಹತ್ರ, ಈ ಮನುಷ್ಯ ಎದುರಿಗೆ ಬಂದ. ಕಣ್ಣಿಗೆ ಕಂಡ. ಬ್ರೇಕ್ ಒತ್ತು ಅಂತ ಕಾಲಿಗೆ ಹೇಳ್ತಾನೇ ಇದ್ದೀನಿ, ಕಾಲು ಕೇಳ್ತಿಲ್ಲ. ಅವನೇ ಸೈಕಲ್ ಬಿಸಾಕಿ ಪಕ್ಕಕ್ಕೆ ಹಾರಿದ. ಪೇಪರೆಲ್ಲ ರಸ್ತೆ ತುಂಬ. ನಾನು ಇಳಿದೂ ನೋಡ್ಲಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ಅವನು ಬೆಲ್ ಹೊಡೆಯೋದು ನಿನಗೆ ನಮಸ್ಕಾರ ಹೇಳೋಕಲ್ಲ ಪುಟ್ಟಿ. ಈ ವ್ಯಾನ್ ಕಂಡ್ರೆ ಅವನಿಗೆ ಭಯ.”

ಅಮ್ಮ ಇಂಜಿನ್ ಆರಿಸಿದಳು. “ಅದನ್ನ ನಮಗೆ ಹೇಳಿದ್ರೆ ಏನು ಬಂತು” ಎಂದಳು ಮೆಲ್ಲಗೆ. “ಅವರಿಗೆ ಹೇಳಿ.”

ಅಪ್ಪ ಇಳಿದು, “ಸ್ವಾಮೀ, ಸ್ವಲ್ಪ ನಿಲ್ಲಿ!” ಎಂದು ಕೂಗುತ್ತಾ ಓಡಿದರು. ನಾವು ಕನ್ನಡಿಯಲ್ಲಿ ನೋಡಿದೆವು. ಸೈಕಲ್ ನಿಂತಿತು. ಅಪ್ಪ ಕೈಕಟ್ಟಿ ಮಾತಾಡಿದರು. ಆಮೇಲೆ ಪೇಪರಿನವರ ಕೈ ಗಾಳಿಯಲ್ಲಿ ಮೇಲೆ ಕೆಳಗೆ ಆಡತೊಡಗಿತು, ಬಹಳ ಹೊತ್ತು.

ಅಪ್ಪ ಏದುಸಿರು ಬಿಡುತ್ತಾ ಬಂದರು.

“ಏನಂದ್ರು?”

“ಬೈದ್ರು. ನನ್ನ ಅಪ್ಪನೂ ಅಷ್ಟು ಬೈದಿರ್ಲಿಲ್ಲ.” ಅವರ ಮುಖ ತೊಳೆದಿಟ್ಟ ಹಾಗಿತ್ತು.

ಅಮ್ಮ ಕೀ ತೆಗೆದು ಅಪ್ಪನ ಕೈಗಿಟ್ಟಳು. “ಓಡಿಸಿ. ಅಂಗಡಿಯವರು ಕಾಯ್ತಿರ್ತಾರೆ.” ಇಳಿದು ಸುತ್ತಿ ಬಂದು, ನನ್ನನ್ನು ಕಿಟಕಿಯ ಕಡೆ ಸರಿಸಿ, ಗೇರಿನ ಪಕ್ಕ ತಾನು ಕೂತಳು.

ಅಪ್ಪ ನಿಧಾನವಾಗಿ, ಹೊಸಬರ ಹಾಗೆ ಹೊರಟರು. ನಾಳೆಯಿಂದ ಅಮ್ಮ ಬರಬೇಕಿಲ್ಲ, ನಾನೂ ಬರಬೇಕಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಕಾಲಡಿ ಮ್ಯಾಟಿನ ತೂತು ಸಿಕ್ಕಿತು. ದಾರಿಯುದ್ದಕ್ಕೂ ನನ್ನ ಶೂ ಅದರೊಳಗೇ ಇಟ್ಟುಕೊಂಡು ಕೂತಿದ್ದೆ.