ಜೀವಮಾನದ ಕಲಿಕೆಯಾಳು

ಡೈನಾ ಹುಟ್ಟಿದ್ದು 1804ರ ಏಪ್ರಿಲ್‌ನಲ್ಲಿ. ಆ ವರ್ಷದ ಜುಲೈ ನಾಲ್ಕರ ನಂತರ ಹುಟ್ಟುವ ಗುಲಾಮರ ಮಕ್ಕಳು ಸ್ವತಂತ್ರರೆಂದು ನ್ಯೂಜೆರ್ಸಿಯ ಶಾಸನಸಭೆ ಕಾನೂನು ಮಾಡಿತ್ತು. ಮೂರು ತಿಂಗಳು ಮೊದಲೇ ಕಣ್ಣುಬಿಟ್ಟ ತಪ್ಪಿಗೆ ಡೈನಾ ವಾನ್ ಬ್ರೂಕ್ ಮನೆತನದ ಸೊತ್ತಾಗಿಯೇ ಉಳಿದಳು. ಮರುವರ್ಷ ಅದೇ ಅಡುಗೆಮನೆಯಲ್ಲಿ, ಅದೇ ತಾಯಿಗೆ ಹುಟ್ಟಿದ ತಂಗಿ ಸೈನಿ, ಅದೇ ಕಾನೂನಿನ ಷರತ್ತಿನಂತೆ ಇಪ್ಪತ್ತೊಂದು ವರ್ಷ ಬಿಟ್ಟಿ ದುಡಿದು, ಬಿಡುಗಡೆಯಾದಳು. ಈಗ ಪ್ಯಾಟರ್ಸನ್ ಊರಿನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದಳು.

1846ರ ವಸಂತದಲ್ಲಿ ಒಂದು ಬೆಳಗ್ಗೆ ಡೈನಾ ಅಂಗಳದಲ್ಲಿ ಮೀನಿಗೆ ಉಪ್ಪು ಸವರುತ್ತಿದ್ದಾಗ ಸೈನಿ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಬಿಡೇ ಆ ಮೀನು! ಟ್ರೆಂಟನ್‌ನಲ್ಲಿ ಶಾಸನಸಭೆಯೋರು ಕಾನೂನು ಮಾಡ್ಬಿಟ್ರು ಕಣೇ. ಇನ್ಮೇಲೆ ನಮ್ಮ ರಾಜ್ಯದಲ್ಲಿ ಗುಲಾಮ್ರೇ ಇಲ್ವಂತೆ!"

"ಯಾರು ಹೇಳಿದ್ದು ನಿಂಗೆ?"

"ಪಾದ್ರಿಗಳು ಪೇಪರ್ ಓದಿ ಹೇಳಿದ್ರು. ನಡಿ ನಡಿ. ಆ ಮೀನಿನ ನಾತ ನಾನು ಸೋಪು ಹಾಕಿ ಉಜ್ಜಿ ಬಿಡಿಸ್ತೀನಿ."

ಡೈನಾ ನಕ್ಕಳು. ಕೈ ತೊಳೆದು ತಂಗಿಯ ಜೊತೆ ಮನೆಯತ್ತ ನಡೆದಳು. ಒಳಗೆ ಮನೆಯೊಡತಿ, ಮುದಿ ವಿಧವೆ ಕ್ಯಾಟ್ರಿನಾ, ಕಿಟಕಿಯ ಪಕ್ಕ ಕೂತಿದ್ದಳು. ಕಾನೂನಿನ ಸುದ್ದಿ ನಿಜವೇ ಎಂದು ಡೈನಾ ಕೇಳಿದಳು.

"ಹೌದು, ವಕೀಲರು ಹೇಳಿದ್ರು. ನೀನೀಗ ಗುಲಾಮಳಲ್ಲ."

"ಹಾಗಾದ್ರೆ ತಂಗಿ ಜೊತೆ ಹೊರಡ್ತೀನಿ, ಅಮ್ಮಾ."

"ಹೊರಡೋದೆಲ್ಲಿಗೆ? ಈಗ ನೀನು ನನ್ನ ಕಲಿಕೆಯಾಳು. ಕಾನೂನಲ್ಲೇ ಹಾಗೆ ಬರೆದಿದೆ. ಬದುಕಿರೋವರೆಗೂ."

ಬಡಗಿಯ ಹತ್ತಿರ, ದರ್ಜಿಯ ಹತ್ತಿರ ಕಸುಬು ಕಲಿಯಲು ಬಿಟ್ಟ ಮಕ್ಕಳನ್ನು ಹಾಗೆ ಕರೆಯುವುದನ್ನು ಡೈನಾ ಕೇಳಿದ್ದಳು. ಅವಳಿಗೆ ನಲವತ್ತೆರಡು.

"ನಾನೇನು ಕಲೀಬೇಕು ಅಮ್ಮಾ? ನಿಮ್ಮ ಸೊಸೇರಿಗೆಲ್ಲ ಬ್ರೆಡ್ ಮಾಡೋದು ಕಲ್ಸಿದ್ದೇ ನಾನಲ್ವಾ?"

ಬಾಗಿಲಲ್ಲಿದ್ದ ಸೈನಿ ತಡೆಯಲಾರದೆ ಬಾಯಿ ಹಾಕಿದಳು. "ನೀವು ಮನಸ್ಸು ಮಾಡಿದ್ರೆ ಬಿಡುಗಡೆ ಪತ್ರ ಬರ್ಕೊಡ್ಬಹುದು."

"ನಾನು ಕಣ್ಮುಚ್ಚಿದ್ಮೇಲೆ ನೋಡೋಣ. ಇವಳು ಹೋದ್ರೆ ನನ್ನನ್ನ ಎತ್ತಿ ಕೂರ್ಸೋರು ಯಾರು?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಡೈನಾ ತಂಗಿಯನ್ನು ಕರೆದುಕೊಂಡು ಹೊರಗೆ ಬಂದಳು.

ಬೇಲಿಯ ಹತ್ತಿರ ಸೈನಿ ಅಕ್ಕನ ತೋಳು ಹಿಡಿದಳು. "ಓಡಿಹೋಗೋಣ ಬಾರೇ."

"ಓಡಿಹೋದ ಕಲಿಕೆಯಾಳನ್ನೂ ಹಿಡ್ಕೊಂಡು ಬರ್ತಾರಂತೆ ಕಣೇ. ಮೊದ್ಲು ನಿನ್ನ ಬಾಗ್ಲಿಗೇ ಬರ್ತಾರೆ. ಹೋಗು, ಬಿಸಿಲೇರುತ್ತೆ."

ಮೂರು ವರ್ಷ ಕಳೆಯಿತು. ಆ ಬೇಸಿಗೆಯಲ್ಲಿ ಪ್ಯಾಟರ್ಸನ್‌ಗೆ ಕಾಲರಾ ಬಂತು. ಸೈನಿ ತೀರಿಕೊಂಡ ಸುದ್ದಿ ಡೈನಾಳನ್ನು ಮುಟ್ಟಿದ್ದು ಎರಡನೆಯ ದಿನ. ಸಂಜೆಯೊಳಗೆ ವಾಪಸು ಬರಬೇಕೆಂದು ಹೇಳಿ ಮುದುಕಿ ಕಳಿಸಿಕೊಟ್ಟಳು. ಒಂಬತ್ತು ಮೈಲಿ ನಡೆದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಪಕ್ಕದ ಮನೆಯವಳು ಕೋಣೆಯ ಬೀಗ ತೆಗೆದುಕೊಟ್ಟಳು. ಒಳಗೆ ಎರಡು ಮಂಚಗಳಿದ್ದವು. ಒಂದರ ಮೇಲೆ ಹೊಸ ಕೌದಿ, ಮಡಿಕೆ ಬಿಚ್ಚಿರಲಿಲ್ಲ.

"ಅಕ್ಕಂದು ಅಂತ ಯಾರನ್ನೂ ಅದ್ರ ಮೇಲೆ ಕೂರೋಕೇ ಬಿಡ್ತಿರ್ಲಿಲ್ಲ" ಅಂದಳು ಆಕೆ.

ಡೈನಾ ಕೌದಿ ಬಿಚ್ಚಿ, ಗೋಡೆಗೆ ಮುಖ ಮಾಡಿ ಆ ಮಂಚದ ಮೇಲೆ ಸ್ವಲ್ಪ ಹೊತ್ತು ಮಲಗಿದಳು. ಆಮೇಲೆ ಎದ್ದು ಅದನ್ನು ಮೊದಲಿನಂತೆ ಮಡಿಸಿಟ್ಟು ಬಂದ ದಾರಿಯಲ್ಲೇ ಹೊರಟಳು. ಅವಳನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ.

"ಬಂದ್ಯಾ?" ಒಳಗಿನಿಂದ ಮುದುಕಿ ಕೇಳಿದಳು.

"ಬಂದೆ, ಅಮ್ಮಾ."