ಕತ್ತಿಯ ಕಚ್ಚುಗಳು

ಆ ಮನೆಯಲ್ಲಿ ಸೊಸೆಗೆ 'ಯಾಕಮ್ಮ' ಎಂದೇ ಹೆಸರು ಬಿದ್ದಿತ್ತು. ಮದುವೆಯಾಗಿ ಬಂದ ವಾರದಲ್ಲೇ ಹಿಂಬಾಗಿಲಿಗೆ ಎರಡು ಚಿಲಕ ಯಾಕೆ, ಗಡಿಯಾರ ಯಾಕೆ ಮುಂದೆ ಓಡುತ್ತದೆ, ಹಾಲಿನ ಪಾತ್ರೆಗೆ ಯಾಕೆ ಆ ಮೂಲೆಯೇ ಆಗಬೇಕು ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದಳು. ಒಂದೇ ಸೂರಿನಡಿ ಇರುವ ಅಪ್ಪ ಮಗ ಯಾಕೆ ಮಾತಾಡುವುದಿಲ್ಲ ಎಂದು ಮಾತ್ರ ಅವಳು ಕೇಳಬೇಕಾಗಿ ಬರಲಿಲ್ಲ. ಅದರ ಉತ್ತರ ನಡುಮನೆಯ ಗೋಡೆಯ ಮೇಲೇ ತೂಗುತ್ತಿತ್ತು.

ಅದು ಮಾವನ ತಾತನ ಕತ್ತಿ. ಮಾವ ಶಾಲೆಯಲ್ಲಿ ಕವಾಯತು ಕಲಿಸಿ ನಿವೃತ್ತರಾದವರು, ಊಟದ ತಟ್ಟೆಯ ಮುಂದೆಯೂ ಬೆನ್ನು ಸೆಟೆಸಿ ಕೂರುವವರು. ಮನೆಗೆ ಯಾರೇ ಬರಲಿ, ಕುಡಿಯಲು ನೀರು ಕೊಡುವ ಮೊದಲೇ ಕತ್ತಿಯ ಕಥೆ ಶುರುವಾಗುತ್ತಿತ್ತು. ತಾತ ಯುದ್ಧಕ್ಕೆ ಹೋಗಿದ್ದರು, ಅಲಗಿನ ಉದ್ದಕ್ಕೂ ಇರುವ ಒಂದೊಂದು ಕಚ್ಚೂ ಒಂದೊಂದು ತಲೆಯ ಗುರುತು. ತಲೆಗಳ ಲೆಕ್ಕ ಬಂದವರ ಮುಖ ನೋಡಿ ಏರುತ್ತಿತ್ತು. ಬೀಗರು ಮೊದಲ ಸಲ ಬಂದ ದಿನವಂತೂ ಶತ್ರುಸೈನ್ಯ ಪೂರ್ತಿ ನೆಲಕಚ್ಚಿತ್ತು.

ಇಂಥ ಮನೆಯ ಮಗ ಸೈನ್ಯಕ್ಕೆ ಸೇರಿ, ತರಬೇತಿ ಮುಗಿಯುವ ಮೊದಲೇ ಇದು ತನ್ನ ಕೈಯಲ್ಲಾಗದ ಕೆಲಸ ಎಂದು ವಾಪಸು ಬಂದ. ಬಂದವನು ಜಮಖಾನ ನೇಯುವ ಕಾರ್ಖಾನೆಯಲ್ಲಿ ಮಗ್ಗಕ್ಕೆ ಕೂತ. ಅಲ್ಲೇ ಹರಿದ ಜಮಖಾನಗಳನ್ನು ಸರಿಮಾಡುತ್ತಿದ್ದವಳನ್ನು ಮೆಚ್ಚಿ ಮದುವೆಯಾದ. ಮಾವನಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ, ಮಗನ ಮೇಲಿತ್ತು. ಮಗ ಎದುರಿಗೇ ಕೂತಿದ್ದರೂ "ನಿನ್ನ ಗಂಡನಿಗೆ ಹೇಳು, ಕೊಳಾಯಿ ಸೋರ್ತಿದೆ" ಎಂದು ಸೊಸೆಗೆ ಹೇಳುತ್ತಿದ್ದರು. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಎನ್ನುತ್ತಾರೆ. ಇಲ್ಲಿ ಒಂದು ಕತ್ತಿ ಮತ್ತು ಒಂದು ಮಗ್ಗ, ಅದೂ ಹಿಡಿಸಲಿಲ್ಲ.

ಹೀಗಿರುವಾಗ ಊರಿನ ವಸ್ತುಸಂಗ್ರಹಾಲಯದವರು ಆಯುಧಗಳಿಗೆಂದೇ ಹೊಸ ಕೋಣೆ ತೆರೆಯುತ್ತೇವೆ, ನಿಮ್ಮ ಕತ್ತಿ ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು. ಮಾವ ಎರಡು ಅಂಗುಲ ಎತ್ತರವಾದರು. ಕತ್ತಿಯನ್ನು ಪ್ರತಿ ಸಲ ತಾವೇ ಉಜ್ಜುತ್ತಿದ್ದವರು, ಈ ಸಲ ಕಣ್ಣಿನ ಪೊರೆ ತೆಗೆಸಿಕೊಂಡು ಬಗ್ಗಬಾರದು, ಧೂಳು ತಾಗಬಾರದು ಎಂಬ ಪಥ್ಯದಲ್ಲಿದ್ದರು. ಹಾಗಾಗಿ ಕೆಲಸ ಸೊಸೆಯ ಪಾಲಿಗೆ ಬಂತು.

ಕತ್ತಿಯನ್ನು ಮಡಿಲಲ್ಲಿ ಇಟ್ಟುಕೊಂಡಾಗ ಅವಳಿಗೆ ಮೊದಲು ಹೊಳೆದದ್ದು, ಇದು ಒಬ್ಬೊಬ್ಬರಿಗೆ ಒಂದೊಂದು ಎಂದು. ಮಾವನಿಗೆ ಇದು ವಂಶ. ಅತ್ತೆಗೆ ಧೂಳು ಕೂರುವ ಇನ್ನೊಂದು ಸಾಮಾನು. ಗಂಡನಿಗೆ ತಲೆಯ ಮೇಲಿನ ತೂಗುಗತ್ತಿ, ಊಟಕ್ಕೆ ಕೂತಾಗಲೂ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಾನೆ. ಕೋರ್ಟಿನ ಮುಂದಿನ ಬೊಂಬೆಯ ಕೈಯಲ್ಲಿದ್ದರೆ ನ್ಯಾಯ, ಬೀದಿಯಲ್ಲಿ ಕುಡುಕನ ಕೈಯಲ್ಲಿದ್ದರೆ ಪೊಲೀಸರು ಬರುತ್ತಾರೆ. ಕಬ್ಬಿಣ ಅದೇ. ಹಾಗಾದರೆ ಇದನ್ನು ಮಾಡಿಸಿಕೊಂಡವರಿಗೆ, ದಿನಾ ಹಿಡಿದವರಿಗೆ ಇದು ಏನಾಗಿತ್ತು? ಪ್ರಶ್ನೆ ಎದ್ದಾಗಲೆಲ್ಲ ಆಗುವಂತೆ ಅವಳ ಮೂಗಿನ ತುದಿ ತುರಿಸಲು ಶುರುವಾಯಿತು.

ಎಣ್ಣೆಬಟ್ಟೆಯಿಂದ ಒರೆಸುತ್ತಾ ಎರಡೂ ಕಡೆ ಅಲಗಿದ್ದ ಆ ಕತ್ತಿಯ ಒಂದು ಕಡೆಯ ಕಚ್ಚುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳಿಗೆ ಎಲ್ಲೂ ತಗುಲಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಅಂಚು ಹರಿದು ಮೇಲೇಳಬೇಕು, ಚರ್ಮ ಗೀರಬೇಕು. ಇವು ಹಗ್ಗ ಉಜ್ಜಿ ಉಜ್ಜಿ ಸವೆದ ಬಾವಿಯ ಕಲ್ಲಿನ ಹಾಗೆ ನುಣ್ಣಗಿದ್ದವು. ಅದಕ್ಕಿಂತ ಹೆಚ್ಚಾಗಿ, ಅವು ಸಾಲಾಗಿ ಒಂದೇ ಅಂತರದಲ್ಲಿ ಇದ್ದವು. ಶತ್ರುಗಳು ಇಷ್ಟು ಶಿಸ್ತಾಗಿ ಬಂದು ತಲೆ ಕೊಡುತ್ತಾರೆಯೇ? ಮಾವನ ಕವಾಯತಿನ ಹುಡುಗರೂ ಇಷ್ಟು ನೇರ ನಿಲ್ಲುತ್ತಿರಲಿಲ್ಲ.

ಇಂಥ ಕಚ್ಚುಗಳನ್ನು ಅವಳು ದಿನಾ ನೋಡುತ್ತಿದ್ದಳು. ಕಾರ್ಖಾನೆಯಲ್ಲಿ ಎರಡು ಕಂಬದ ನಡುವೆ ನೂಲನ್ನು ಮೇಲಿನಿಂದ ಕೆಳಗೆ ಬಿಗಿದು, ಅಡ್ಡನೂಲು ಹಾಯಿಸಿ, ಉದ್ದನೆಯ ಮರದ ಹಲಗೆಯಿಂದ ಅದನ್ನು ಬಡಿದು ಕೂರಿಸುತ್ತಾರೆ. ವರ್ಷ ಕಳೆಯುವುದರಲ್ಲಿ ನೂಲು ಹಲಗೆಯ ಅಂಚನ್ನು ತಿಂದು ಸಾಲಾಗಿ ಕಚ್ಚು ಮಾಡುತ್ತದೆ. ಮಾರನೆಯ ದಿನ ಅಂಥದೊಂದು ಹಳೇ ಹಲಗೆಯನ್ನು ಮನೆಗೆ ತಂದು ಕತ್ತಿಯ ಪಕ್ಕದಲ್ಲಿಟ್ಟಳು. ಕಚ್ಚಿಗೆ ಕಚ್ಚು ಹೊಂದಿತು. ಮರವನ್ನು ವರ್ಷದಲ್ಲಿ ತಿನ್ನುವ ನೂಲು ಕಬ್ಬಿಣವನ್ನು ಇಷ್ಟು ತಿನ್ನಬೇಕಾದರೆ ಒಂದು ಜನ್ಮವೇ ಬೇಕು. ತಾತ ಈ ಕತ್ತಿಯಿಂದಲೇ ನೂಲು ಬಡಿದು ನೇಯ್ದಿದ್ದರು.

ಖುಷಿಯ ಹಿಂದೆಯೇ ಹೆದರಿಕೆ ಬಂತು. ಹೇಳಿದರೆ ಮುದುಕರ ಬೆನ್ನುಮೂಳೆಯನ್ನೇ ಮುರಿದಂತೆ. ಹೇಳದಿದ್ದರೆ ಗಂಡ ಸಾಯುವ ತನಕ ಆ ಮನೆಯ ಹೇಡಿ. ಗಂಡನ ಬಾಗಿದ ತಲೆ ನೆನಪಾಯಿತು. ಹಲಗೆ, ಕತ್ತಿ ಎರಡನ್ನೂ ಎತ್ತಿಕೊಂಡು ಮಾವನ ಕೋಣೆಗೆ ಹೋಗಿ, ಕಂಡದ್ದನ್ನೆಲ್ಲ ಹೇಳಿಬಿಟ್ಟಳು.

"ನನ್ನ ತಾತನನ್ನ ನೇಕಾರ ಮಾಡ್ತಿದ್ದೀಯಾ?" ಎಂದರು ಮಾವ. ದನಿ ಏರಿಸಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

"ನಾನೇನೂ ಮಾಡ್ಲಿಲ್ಲ ಮಾವ. ನೀವೇ ಮುಟ್ಟಿ ನೋಡಿ."

ಮಾವ ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ ಮುಟ್ಟಿದರು. ಮೊದಲು ಹಲಗೆ, ಆಮೇಲೆ ಕತ್ತಿ, ಮತ್ತೆ ಹಲಗೆ. ಅವಳು ಕತ್ತಿ ತಿರುಗಿಸಿ ಇನ್ನೊಂದು ಅಲಗನ್ನು ತೋರಿಸಿದಳು. ಅಲ್ಲಿ ಒಂದೇ ಒಂದು ಏಟು ಇತ್ತು, ಅಂಚು ಹರಿದ, ಬೆರಳು ಗೀರುವ ಏಟು. ಯುದ್ಧಕ್ಕೆ ಹೋಗಿದ್ದು ಸುಳ್ಳಲ್ಲ, ಬಂದ ಮೇಲೆ ಬೇರೆ ಕೆಲಸ ಹಿಡಿದರು ಎಂದು ಅವಳು ಮೆಲ್ಲಗೆ ಹೇಳಿದಳು.

ಮಾವ ತಾತನ ಕೋಣೆಯನ್ನು ನೆನಪಿಸಿಕೊಂಡರು. ಅಲ್ಲಿ ಗೋಡೆಯಿಂದ ದೂರ ಎರಡು ಕಂಬ ನಿಂತಿದ್ದವಂತೆ. ಮಕ್ಕಳೆಲ್ಲ ಹತ್ತಿ ಆಡುತ್ತಿದ್ದರಂತೆ. ಕಂಬ ಯಾಕೆಂದು ಕೇಳಿದರೆ ಮಾವನ ಅಪ್ಪ ಗದರಿಸುತ್ತಿದ್ದರಂತೆ. ನೇಯುವವನ ಮಗ ಅನ್ನಿಸಿಕೊಳ್ಳಲು ಅಪ್ಪನಿಗೆ ನಾಚಿಕೆಯಿತ್ತೇನೋ.

"ಎಷ್ಟು ಜನರನ್ನ ಕಡಿದೆ ಅಂತ ತಾತನನ್ನ ಕೇಳಿದ್ದೆ," ಎಂದರು. "ಅವರು ಏನೂ ಹೇಳ್ಲಿಲ್ಲ. ನನ್ನ ಬೆರಳು ಹಿಡಿದು ಒಂದು ಕಚ್ಚಿನೊಳಗೆ ಇಟ್ರು, ಅಷ್ಟೇ. ತಲೆ ಅಂದ್ಕೊಂಡೋನು ನಾನೇ."

ಬೆಳಗ್ಗೆ ಅವಳು ಏಳುವಷ್ಟರಲ್ಲಿ ಗೋಡೆ ಬರಿದಾಗಿತ್ತು, ಮಾವನೂ ಇರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಹೋಗಿರಬೇಕು ಎಂದರು ಅತ್ತೆ. ಸುಳ್ಳನ್ನು ಗಾಜಿನೊಳಗೆ ಇಡಿಸಿ ಬರುತ್ತಾರೋ ಏನೋ ಎಂದು ಸೊಸೆಗೆ ಅನ್ನಿಸಿತು. ಗಂಡನಿಗೆ ಏನೂ ಹೇಳದೆ ಅವನ ಹಿಂದೆ ಕಾರ್ಖಾನೆಗೆ ಹೋದಳು. ಸೂಜಿ ಕೈಯಲ್ಲಿತ್ತು, ಹೊಲಿಗೆ ಸಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲ ಹತ್ತಿರದ ಮಗ್ಗಗಳು ನಿಂತವು. ಕಪ್ಪು ಕನ್ನಡಕದ ಮಾವ ಟವೆಲಿನಲ್ಲಿ ಸುತ್ತಿದ ಕತ್ತಿಯನ್ನು ಎದೆಗೆ ಅವಚಿಕೊಂಡು, ನೂಲಿನ ಉಂಡೆಗಳನ್ನು ದಾಟುತ್ತಾ ತಡವರಿಸಿ ಬರುತ್ತಿದ್ದರು. ಅವಳನ್ನು ದಾಟಿ ಹೋದರು. ಮಗನ ಮಗ್ಗದ ಮುಂದೆ ನಿಂತು ಟವೆಲು ಬಿಚ್ಚಿದರು. ಮಗ ಎದ್ದು ನಿಂತ, ಅವನ ಮುಖ ಬಿಳಿಚಿಕೊಂಡಿತ್ತು.

ಮಾವ ಕತ್ತಿಯನ್ನು ನೂಲುಗಳ ನಡುವೆ ತೂರಿಸಿ, ಕವಾಯತಿನ ಮೈದಾನದ ಅಭ್ಯಾಸದಂತೆ ತೋಳು ಎತ್ತಿ ಬಡಿದರು. ಪಟ್ಟನೆ ಒಂದು ನೂಲು ಹರಿಯಿತು. ಮಗ ಅಪ್ಪನ ಮುಂಗೈ ಹಿಡಿದುಕೊಂಡ.

"ಹಾಗಲ್ಲ ಅಪ್ಪ," ಎಂದ.

ಊರಿನ ಅರ್ಧ ಗಂಡಸರಿಗೆ ಎಡಬಲ ಕಲಿಸಿದ ಮನುಷ್ಯ ಬೆನ್ನು ಬಾಗಿಸಿ ಮಗನ ಪಕ್ಕದ ಮಣೆಯ ಮೇಲೆ ಕೂತರು.

"ಗೊತ್ತಿಲ್ಲ ಮಗಾ," ಎಂದರು. "ಹೇಳ್ಕೊಡು."